ನಳಿಗೆಯಲ್ಲಿ ಕುಂಕುಮ

ನಮ್ಮ ಮನೆಗೆ ಹೊಸದಾಗಿ ಬರುವ ಪದಾರ್ಥಗಳು ಎರಡೇ. ಒಂದು, ಬೆಳಗಿನ ಹಾಲು. ಇನ್ನೊಂದು, ಮಧ್ಯಾಹ್ನದ ಬಸ್ಸಿಗೆ ಬರುವ ಬೆಳಗಿನ ಪತ್ರಿಕೆ. ಉಳಿದದ್ದೆಲ್ಲ ಇನ್ನೊಬ್ಬರ ಕೈಯಲ್ಲಿ ಪಳಗಿಯೇ ನಮ್ಮ ಹೊಸ್ತಿಲು ದಾಟಿದ್ದು. ಜೀಪು ನಮಗಿಂತ ಮೊದಲು ಮೂರು ಸಂಸಾರ ಕಂಡಿದೆ. ಅಡಿಕೆ ಸುಲಿಯುವ ಯಂತ್ರ ಭಾವನ ಮನೆಯಿಂದ ಬಂತು. ಅಡಿಕೆಯೊಂದನ್ನು ಬಿಟ್ಟು ಅದು ಎಲ್ಲವನ್ನೂ ಸುಲಿಯುತ್ತದೆ. ಸೋಫಾ ವರ್ಗವಾಗಿ ಹೋದ ಬ್ಯಾಂಕ್ ಅಧಿಕಾರಿಯೊಬ್ಬರದು. ಅದರ ಮೇಲೆ ಕೂತಾಗಲೆಲ್ಲ ನನಗೆ ಸಾಲ ನೆನಪಾಗುತ್ತದೆ. ಹಳೆಯದನ್ನು ಕೊಳ್ಳುವ ವಿದ್ಯೆಯಲ್ಲಿ ನನಗೆ ಸರಿಸಾಟಿ ಈ ಸೀಮೆಯಲ್ಲಿಲ್ಲ ಎಂದು ನಾನು ಹೇಳುತ್ತೇನೆ. ನನ್ನವಳು ಬೇರೆ ಏನೋ ಹೇಳುತ್ತಾಳೆ. ಅದು ಅಚ್ಚಿಗೆ ತಕ್ಕುದಲ್ಲ.

ಹಳೆಯ ಪಿಸ್ತೂಲೊಂದನ್ನು ಕೊಳ್ಳಬೇಕೆಂಬ ಆಸೆ ನನಗೆ ಹುಟ್ಟಿದ್ದು ಯಾರ ಮೇಲಿನ ದ್ವೇಷದಿಂದಲೂ ಅಲ್ಲ, ಶುದ್ಧ ಲೆಕ್ಕಾಚಾರದಿಂದ. ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ತೋಟದ ಕೋವಿ ಇದೆ. ಅಪ್ಪನಿಗೆ 70 ತುಂಬಿದ ಮೇಲೆ, 2016ರ ಶಸ್ತ್ರ ನಿಯಮಗಳು ವಾರಸುದಾರರಿಗೆ ಕೊಟ್ಟ ಸೌಕರ್ಯದಂತೆ, ಅದು ನನ್ನ ಹೆಸರಿಗೆ ಬಂತು. ಮೊದಲು ಒಬ್ಬರ ಹೆಸರಿನಲ್ಲಿ ಮೂರು ಆಯುಧಗಳಿಗೆ ಅವಕಾಶವಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಈ ಸುದ್ದಿಯನ್ನು ಓದಿ ದೇಶದ ಶಸ್ತ್ರಪ್ರಿಯರೆಲ್ಲ ಒಂದು ಕಳೆದುಹೋಯಿತೆಂದು ದುಃಖಪಟ್ಟರು. ನನಗೆ ಕಂಡದ್ದೇ ಬೇರೆ. ಸರ್ಕಾರ ಎರಡು ಎನ್ನುತ್ತದೆ, ನನ್ನಲ್ಲಿರುವುದು ಒಂದು, ಅಂದರೆ ಒಂದು ಜಾಗ ಖಾಲಿ ಇದೆ! ಖಾಲಿ ಜಾಗ ಕಂಡರೆ ಬೇಲಿ ಹಾಕುವುದು ನಮ್ಮ ವಂಶದ ಗುಣ.

ಅರ್ಜಿ ಕೊಟ್ಟ ಮೇಲೆ ವಿಚಾರಣೆಗೆ ಪೊಲೀಸರು ಮನೆಗೇ ಬಂದರು. ಜಗಲಿಯಲ್ಲಿ ಕೂತು, ಮಜ್ಜಿಗೆ ಕುಡಿದು, ಪೆನ್ನು ತೆಗೆದು, "ನಿಮಗೆ ಯಾರಿಂದ ಜೀವಬೆದರಿಕೆ ಇದೆ?" ಎಂದು ಕೇಳಿದರು. ನನ್ನ ಕಣ್ಣು ತನ್ನಷ್ಟಕ್ಕೆ ತಾನೇ ಅಡುಗೆಮನೆಯ ಕಡೆ ತಿರುಗಿತು. ಅವರು ಅದನ್ನು ಬರೆದುಕೊಳ್ಳಲಿಲ್ಲ, ಸಂಸಾರಸ್ಥರು. "ಮಂಡಿಯಿಂದ ಅಡಿಕೆ ದುಡ್ಡು ತರುವಾಗ ಕಾಡುದಾರಿ ಇದೆ" ಎಂದು ನಮ್ಮ ಕಡೆ ಎಲ್ಲರೂ ಬರೆಯುವ ಕಾರಣವನ್ನೇ ಹೇಳಿದೆ.

"ಅಡಿಕೆ ದುಡ್ಡು ಈಗ ಆರ್‌ಟಿಜಿಎಸ್ ಆಗಿ ಬರುತ್ತಲ್ಲ?" ಒಳಗಿನಿಂದ ದನಿ ಬಂತು. "ಪಿಸ್ತೂಲು ಹಿಡ್ಕೊಂಡು ಮೊಬೈಲು ಕಾಯ್ತೀರಾ?"

ಪೊಲೀಸರು ಕೆಮ್ಮಿದರು. ನಾನು ಇನ್ನೊಂದು ಲೋಟ ಮಜ್ಜಿಗೆ ತರಿಸಿದೆ.

ಅರ್ಜಿಗೆ ತರಬೇತಿಯ ಪ್ರಮಾಣಪತ್ರವೂ ಬೇಕು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ನಾನೂ ಹೋಗಿದ್ದೆ. ಬೆಳಗಿನ ಕವಾಯತಿನಲ್ಲಿ ನನ್ನ ಎಡಗಾಲು ಉಳಿದವರ ಬಲಗಾಲಿನ ಜೊತೆ ಹೆಜ್ಜೆ ಹಾಕಿತು. ಆದರೂ ಉತ್ಸಾಹದಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಆಮೇಲೆ ವೈದ್ಯರ ಪ್ರಮಾಣಪತ್ರ, ಆಯುಧವನ್ನು ಭದ್ರವಾಗಿ ಬೀಗದೊಳಗೆ ಇಡುತ್ತೇನೆಂಬ ಮುಚ್ಚಳಿಕೆ. ಮುಚ್ಚಳಿಕೆಗೆ ನಿಷ್ಠನಾಗಿ ನಾನು ಒಂದು ಉಕ್ಕಿನ ಲಾಕರನ್ನು ಮೊದಲೇ ಕೊಂಡು ತಂದೆ. ಸೆಕೆಂಡ್ ಹ್ಯಾಂಡ್. ಬೀಗದ ಕೈ ಒಂದೇ ಇತ್ತು. ಅದನ್ನು ನನ್ನವಳು ತೆಗೆದು ತನ್ನ ಗೊಂಚಲಿಗೆ ಸೇರಿಸಿಕೊಂಡಳು.

ಕೊನೆಗೊಂದು ದಿನ ಅನುಮತಿ ಬಂತು. ಬಂದೊಡನೆ ಊರಿಗೆಲ್ಲ ಗೊತ್ತಾಯಿತು. ಕಾಡುಹಂದಿಗೆ ಹೆದರಿ ರಾತ್ರಿ ತೋಟಕ್ಕೆ ಹೋಗದವರೆಲ್ಲ ಹಗಲು ನಮ್ಮ ಜಗಲಿಗೆ ಬಂದು ಸಲಹೆ ಕೊಟ್ಟರು. ಒಬ್ಬರು ಸಿನಿಮಾದಲ್ಲಿ ಕಂಡ ಗ್ಲಾಕ್ ತಗೊಳ್ಳಿ ಅಂದರು. ಇನ್ನೊಬ್ಬರು 9 ಎಂ.ಎಂ. ಬಿಟ್ಟು ಬೇರೆಯದು ಮುಟ್ಟಬೇಡಿ ಅಂದರು. 9 ಎಂ.ಎಂ. ಸೈನ್ಯ ಮತ್ತು ಪೊಲೀಸರ ಅಳತೆ. ನಾಗರಿಕರಿಗೆ ಅದು ನಿಷಿದ್ಧ ಬೋರ್. ಪಿಸ್ತೂಲಿನಲ್ಲಿ ನಮ್ಮಂಥವರ ಪಾಲಿಗೆ ಸಾಮಾನ್ಯವಾಗಿ ಸಿಗುವುದು .32. ಯುರೋಪಿನವರು ಅದನ್ನೇ 7.65 ಎಂ.ಎಂ. ಎನ್ನುತ್ತಾರೆ. ಜಾನ್ ಬ್ರೌನಿಂಗ್ ಎಂಬ ಅಮೆರಿಕದವನು ರೂಪಿಸಿದ ಈ ತೋಟಾ 1899ರಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ ಪಿಸ್ತೂಲಿನ ಜೊತೆ ಲೋಕಕ್ಕೆ ಬಂತು. ಅಷ್ಟು ಹಳೆಯದು ಎಂದು ನೀವು ಮೂಗು ಮುರಿಯುವ ಮೊದಲು ಒಂದು ಮಾತು: 1962ರ 'ಡಾ. ನೋ' ಚಿತ್ರದಲ್ಲಿ ಜೇಮ್ಸ್ ಬಾಂಡನ ಹಳೆ ಪಿಸ್ತೂಲನ್ನು ಮೇಲಧಿಕಾರಿ ಕಿತ್ತುಕೊಂಡು ವಾಲ್ಥರ್ ಪಿಪಿಕೆ ಕೊಡಿಸುತ್ತಾನಲ್ಲ, ಅದೂ 7.65. ಅಂದರೆ ಭಾರತದ ಕಾನೂನು ನನ್ನನ್ನೂ ಬಾಂಡನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಬಾಂಡ್ ದೂರದವನಾಯಿತು ಎನ್ನಿ. 1968ರ 'ಜೇಡರ ಬಲೆ'ಯಿಂದ ಹಿಡಿದು 'ಗೋವಾದಲ್ಲಿ ಸಿ.ಐ.ಡಿ. 999'ವರೆಗೆ ರಾಜಕುಮಾರ್ ಅವರು ಪಿಸ್ತೂಲು ಹಿಡಿದ ಭಂಗಿಗಳನ್ನೆಲ್ಲ ನಾನು ಕಣ್ಣಲ್ಲಿ ತುಂಬಿಕೊಂಡವನು. ಭಂಗಿಯ ಮಟ್ಟಿಗೆ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಕೊಪ್ಪದ ಕಡೆಯ ಹಿರಿಯ ಕಾಫಿ ಬೆಳೆಗಾರರೊಬ್ಬರ ಬಳಿ ಬೆಲ್ಜಿಯಂ ಪಿಸ್ತೂಲಿದೆ, ಮಾರುತ್ತಾರಂತೆ ಎಂಬ ಸುದ್ದಿ ಸಿಕ್ಕಿತು. ನನ್ನವಳೂ ಹೊರಟು ನಿಂತಳು. "ಶೃಂಗೇರಿಗೆ ಹೋಗಿ ಬಹಳ ದಿನ ಆಯ್ತು, ದಾರೀಲೇ ಸಿಗುತ್ತೆ" ಎಂಬುದು ಕಾರಣ. ಅವಳು ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವಳು. 'ಸಿ' ಸರ್ಟಿಫಿಕೇಟು ಇದೆ, .22 ರೈಫಲಿನಲ್ಲಿ ಗುರಿ ಹೊಡೆದ ಬಹುಮಾನದ ಸ್ಟೀಲ್ ತಟ್ಟೆಯೂ ಇದೆ. ಆ ತಟ್ಟೆಯಲ್ಲಿ ಇಷ್ಟು ವರ್ಷ ಊಟ ಮಾಡಿಯೂ ನಾನು ಅದರ ತಳದ ಬರಹವನ್ನು ಓದಿರಲಿಲ್ಲ.

ಬೆಳೆಗಾರರು ಕಾಫಿ ಕೊಟ್ಟು, ಬೀರುವಿನಿಂದ ಚರ್ಮದ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟರು. ನಾನು ಪಿಸ್ತೂಲನ್ನು ಹೊರಗೆಳೆದು, ಮಣಿಕಟ್ಟು ತುಸು ಓರೆ ಮಾಡಿ, ಇಡೀ ಕೋಣೆಯನ್ನು ಒಮ್ಮೆ ಅವಲೋಕಿಸುವಂತೆ ತಿರುಗಿದೆ. ಕೂಡಲೇ ಅಲ್ಲಿದ್ದವರೆಲ್ಲ ಗೌರವದಿಂದ ಬಗ್ಗಿದರು. ಬೆಳೆಗಾರರ ಸೊಸೆಯಂತೂ ಗೌರವ ಹೆಚ್ಚಾಗಿ ಮೇಜಿನ ಕೆಳಗೇ ಹೋದರು. ಮನೆಯ ನಾಯಿ ಎದ್ದು ತೋಟಕ್ಕೆ ಹೋಯಿತು.

"ಮೇಜಿನ ಮೇಲಿಡಿ" ಅಂದಳು ನನ್ನವಳು. ಸ್ವರದಲ್ಲಿ ಎನ್‌ಸಿಸಿ ಇತ್ತು. ಇಟ್ಟೆ.

ಅವಳು ನಳಿಗೆಯ ಬಾಯಿಯನ್ನು ಯಾರೂ ಇಲ್ಲದ ಕಲ್ಲುಗೋಡೆಯ ಕಡೆ ತಿರುಗಿಸಿದಳು. ಬೆರಳು ಕುದುರೆಯ ಹತ್ತಿರವೂ ಸುಳಿಯಲಿಲ್ಲ. ಮೊದಲು ಮ್ಯಾಗಜೀನನ್ನು ಕೆಳಗೆಳೆದು ಪಕ್ಕಕ್ಕಿಟ್ಟಳು. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ಹಿಡಿದು, ಒಳಗಿನ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿಯೂ ನೋಡಿದಳು. "ಮೊದಲು ಸ್ಲೈಡ್ ಎಳೆದು ಖಾಲಿ ಮಾಡಿದರೆ ಬೇಗ ಆಗುತ್ತಲ್ಲ?" ಎಂದು ನಾನು ಜ್ಞಾನ ಬೆಳೆಸುವ ದೃಷ್ಟಿಯಿಂದ ಕೇಳಿದೆ. ಮ್ಯಾಗಜೀನ್ ಒಳಗಿರುವಾಗ ಸ್ಲೈಡ್ ಎಳೆದರೆ ಚೇಂಬರಿನಲ್ಲಿದ್ದ ತೋಟಾ ಹೊರಬೀಳುತ್ತದೆ, ನಿಜ. ಬಿಟ್ಟೊಡನೆ ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಖಾಲಿ ಮಾಡಿದೆನೆಂದು ನಂಬಿದವನ ಕೈಯಲ್ಲಿ ತುಂಬಿದ ಪಿಸ್ತೂಲು ಉಳಿಯುತ್ತದೆ. "ಖಾಲಿ ಇದೆ ಅಂತ ಗೊತ್ತಿದ್ದ ಕೋವಿಯೇ ಜನರನ್ನು ಕೊಂದಿರೋದು" ಅಂದಳು. ಬೆಳೆಗಾರರ ಸೊಸೆ ಮೇಜಿನ ಕೆಳಗಿನಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು.

ಮುಂದಿನದು ಕಾಗದದ ಕೆಲಸ. ಪರವಾನಗಿ ಪುಸ್ತಕವನ್ನು ತೆರೆದು, ಪಿಸ್ತೂಲಿನ ಚೌಕಟ್ಟಿನ ಮೇಲಿನ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಓದಿದಳು. ಸ್ಲೈಡಿನ ಮೇಲೆ, ನಳಿಗೆಯ ಮೇಲೆ ಏನಿದೆ ಎಂದೂ ನೋಡಿದಳು. ಮೂರೂ ಒಂದೇ ಇದ್ದರೆ ಹುಟ್ಟಿದಾಗಿನ ಭಾಗಗಳೇ ಉಳಿದಿವೆ ಎಂದರ್ಥ. ಬೇರೆ ಇದ್ದರೆ ಯಾವುದೋ ಭಾಗ ಮುರಿದು, ಇನ್ನಾವುದೋ ಪಿಸ್ತೂಲಿನದನ್ನು ತಂದು ಕೂಡಿಸಿದ್ದಾರೆ. ಪುಸ್ತಕದಲ್ಲಿ ಗುಮಾಸ್ತರು 1 ಬರೆದದ್ದು 7ರಂತೆ ಕಂಡರೂ ಕೊಂಡವನಿಗೇ ತಲೆನೋವು. ನವೀಕರಣಕ್ಕೆ ಹೋದಾಗ ಅದು ಬೇರೆಯೇ ಆಯುಧವಾಗುತ್ತದೆ. ಸಂಖ್ಯೆಯನ್ನೇ ಅರದಿಂದ ಉಜ್ಜಿದ್ದರೆ ಅಂಥದ್ದನ್ನು ಮುಟ್ಟಲೇಬಾರದು. ಶಸ್ತ್ರ ಕಾಯ್ದೆಯ 8ನೇ ಕಲಮು ಗುರುತಿಲ್ಲದ ಕೋವಿಯ ಮಾರಾಟವನ್ನು ನಿಷೇಧಿಸುತ್ತದೆ. ಈ ಪಿಸ್ತೂಲಿನ ಸಂಖ್ಯೆಗಳು ಕೂಡಿದವು. ಪಕ್ಕದಲ್ಲಿ ಕಿರೀಟದ ಕೆಳಗೆ ಮೊಟ್ಟೆಯಾಕಾರದೊಳಗೆ ಪುಟ್ಟ ಅಕ್ಷರಗಳ ಮುದ್ರೆಯೂ ಇತ್ತು. ಅದು ಬೆಲ್ಜಿಯಂನ ಲೀಜ್ ಪಟ್ಟಣದ ಪರೀಕ್ಷಾ ಶಾಲೆಯ ಗುರುತು. ಹೆಚ್ಚಿನ ಮದ್ದಿನ ತೋಟಾ ಹೊಡೆದು ನೋಡಿ, ನಳಿಗೆ ತಡೆದುಕೊಂಡರೆ ಮಾತ್ರ ಒತ್ತುವ ಮುದ್ರೆ. "ನೋಡಿ, ಅಗ್ಮಾರ್ಕ್!" ಎಂದು ನಾನು ಬೆಳೆಗಾರರಿಗೆ ವಿವರಿಸಿದೆ.

ಮೈಬಣ್ಣ ಕಪ್ಪಾಗಿ ಮಿರಮಿರ ಮಿಂಚುತ್ತಿತ್ತು. ನನಗೆ ಅಲ್ಲಿಗೇ ಮನಸ್ಸು ಸೋತಿತು. ಅವಳಿಗೆ ಅದೇ ಸಂಶಯಕ್ಕೆ ಕಾರಣವಾಯಿತು. ಇಷ್ಟು ವಯಸ್ಸಿನ ಉಕ್ಕು ಅಂಚುಗಳಲ್ಲಿ, ಚೀಲಕ್ಕೆ ಉಜ್ಜುವಲ್ಲಿ ಬಿಳಿಚಿಕೊಂಡಿರಬೇಕು. ಎಲ್ಲ ಕಡೆ ಒಂದೇ ಕಪ್ಪಾದರೆ ಯಾರೋ ತುಕ್ಕು ಉಜ್ಜಿ ಹೊಸದಾಗಿ ಬಣ್ಣ ಕಟ್ಟಿಸಿದ್ದಾರೆ. ಕಾರ್ಖಾನೆಯ ಅಕ್ಷರಗಳ ಅಂಚು ಕರಗಿದ್ದು ಅದಕ್ಕೆ ಸಾಕ್ಷಿ. ತಿರುಪಿನ ತಲೆಯ ಗೀಟು ಕಿತ್ತುಹೋಗಿತ್ತು. ಅಳತೆಗೆ ಸರಿಯಿಲ್ಲದ ಸ್ಕ್ರೂಡ್ರೈವರಿನಿಂದ ಯಾರೋ ಒಳಗೆ ಕೈಯಾಡಿಸಿದ್ದರು. "ಹಿಡಿಯ ಪಟ್ಟಿ ಬಿಚ್ಚಿ ನೋಡಬಹುದಾ?" ಎಂದು ಕೇಳಿ, ಅವರಿಂದಲೇ ಬಿಚ್ಚಿಸಿದಳು.

ಪಟ್ಟಿಯ ಕೆಳಗೆ ಕುಂಕುಮವಿತ್ತು. ಬರೀ ಕುಂಕುಮವಲ್ಲ, ಅರಿಶಿನ, ಗಂಧ, ಒಂದು ಅಕ್ಷತೆಯ ಕಾಳು. ಪ್ರತಿ ಆಯುಧ ಪೂಜೆಗೆ ಬೆಳೆಗಾರರ ತಾಯಿಯವರು ಶ್ರದ್ಧೆಯಿಂದ ಏರಿಸಿದ್ದು. ನಳಿಗೆಯ ಬಾಯಿಯ ಒಳಗೂ ಒಂದು ಬೊಟ್ಟು. ನಮ್ಮ ಅಮ್ಮನೂ ಅಪ್ಪನ ಕೋವಿಗೆ ಇದನ್ನೇ ಮಾಡುತ್ತಾರೆ. ದೇವಿಗೆ ತಲುಪುವ ಮೊದಲು ಕುಂಕುಮ ಕಲಸಿದ ನೀರಿನ ಪಸೆ ಉಕ್ಕಿಗೆ ತಲುಪುತ್ತದೆ. ಮಲೆನಾಡಿನ ಮಳೆಗಾಲ ಉಳಿದ ಕೆಲಸ ಮುಗಿಸುತ್ತದೆ. ಅದರ ಮೇಲೆ ಯಾರೋ ಕೊಬ್ಬರಿ ಎಣ್ಣೆ ಹಾಕಿದ್ದರು. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ, ಹಳತಾದಂತೆ ಅಂಟಾಗುತ್ತದೆ. ತಲೆಗೆ ಸರಿ, ಕೋವಿಗಲ್ಲ. ಕೂದಲು ಬೆಳೆಯುವುದಾದರೆ ಆ ಪಿಸ್ತೂಲಿಗೆ ಜಡೆ ಹಾಕಬಹುದಿತ್ತು.

"ಇಷ್ಟು ವರ್ಷ ಚರ್ಮದ ಚೀಲದಲ್ಲೇ ಇಟ್ಟಿದ್ರಾ?" ಎಂದು ಕೇಳಿದಳು.

"ಒಂದು ದಿನವೂ ಹೊರಗೆ ಬಿಟ್ಟಿಲ್ಲಮ್ಮ" ಎಂದು ಅವರು ಹೆಮ್ಮೆಯಿಂದ ಹೇಳಿದರು.

ಅದೇ ಕಷ್ಟ. ಹೊರಗೆ ಹೋಗುವಾಗ ಸೊಂಟಕ್ಕೆ ಕಟ್ಟಲು ಚರ್ಮ ಚೆನ್ನ, ವರ್ಷಗಟ್ಟಲೆ ಇಡಲು ಅಲ್ಲ. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಹದ ಮಾಡುವಾಗ ಬಳಸಿದ ಉಪ್ಪು, ಆಮ್ಲಗಳ ಅಂಶ ಅದರಲ್ಲಿ ಉಳಿದಿರುತ್ತದೆ. ಚೀಲಕ್ಕೆ ತಾಗಿದ ಕಡೆಯೇ ಉಕ್ಕಿನಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಅವುಗಳ ಮೇಲೆಯೇ ಹೊಸ ಬಣ್ಣ ಕಟ್ಟಿತ್ತು.

ಇನ್ನು ನಳಿಗೆ. ಪಿಸ್ತೂಲನ್ನು ಬಿಚ್ಚಿ, ಹಿಂಬದಿಯಲ್ಲಿ ಬಿಳಿ ಕಾಗದ ಹಿಡಿದು ಬೆಳಕು ಒಳಕ್ಕೆ ಬೀಳುವಂತೆ ಮಾಡಿ ನೋಡಿದಳು. ನನಗೂ ತೋರಿಸಿದಳು. ಒಳಗೆ ಸುರುಳಿ ಸುರುಳಿಯಾಗಿ ಹೋಗುವ ಗೆರೆಗಳಿರುತ್ತವೆ. ಗುಂಡನ್ನು ತಿರುಗಿಸಿ ನೇರ ಕಳಿಸುವುದು ಅವೇ. ಅವುಗಳ ಅಂಚು ಚೂಪಾಗಿ ಕಾಣಬೇಕು. ನಡುವೆ ಎಲ್ಲಾದರೂ ಕರಿ ಉಂಗುರದಂಥ ನೆರಳು ಕಂಡರೆ ಅಪಾಯ. ಎಂದೋ ಒಂದು ದುರ್ಬಲ ತೋಟಾದ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡು, ಅದರ ಹಿಂದೆಯೇ ಇನ್ನೊಂದನ್ನು ಹೊಡೆದು, ಅಲ್ಲಿ ನಳಿಗೆ ಉಬ್ಬಿದೆ ಎಂದು ಅರ್ಥ. ಹೊರಗೆ ಬೆರಳಾಡಿಸಿದರೆ ಉಬ್ಬು ಕೈಗೂ ಸಿಗಬಹುದು. ಇದರಲ್ಲಿ ಉಂಗುರ ಇರಲಿಲ್ಲ. "ಅದ್ಭುತ!" ಎಂದೆ ನಾನು, ಯಾವ ತುದಿಯಿಂದ ನೋಡುತ್ತಿದ್ದೇನೆಂದು ನನಗೆ ಸ್ಪಷ್ಟವಿರಲಿಲ್ಲ.

ಕೊನೆಗೆ ಮ್ಯಾಗಜೀನನ್ನು ಎತ್ತಿಕೊಂಡಳು. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ಎಳಸೋ ಬಲಿತದ್ದೋ ನೋಡುವ ಹಾಗೆ, ಅದರ ಬಾಯಿಯ ತುಟಿಗಳ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಒಂದು ತುಟಿ ಹೊರಕ್ಕೆ ಬಾಗಿತ್ತು. ತೋಟಾವನ್ನು ಸರಿಯಾದ ಎತ್ತರ, ಸರಿಯಾದ ಕೋನದಲ್ಲಿ ಹಿಡಿದು ಚೇಂಬರಿಗೆ ಉಣಿಸುವುದು ಆ ತಗಡಿನ ತುಟಿಗಳೇ. ಅರೆಸ್ವಯಂಚಾಲಿತ ಪಿಸ್ತೂಲು ಸಿಕ್ಕಿಹಾಕಿಕೊಳ್ಳುವ ಪ್ರಸಂಗಗಳಲ್ಲಿ ಮೊದಲು ಹಿಡಿದು ಕೇಳಬೇಕಾದ್ದು ಮ್ಯಾಗಜೀನನ್ನು. ಬೇರೆ ಮ್ಯಾಗಜೀನ್ ಇದೆಯೇ ಎಂದರೆ ಇಲ್ಲ. ಅದನ್ನು ಮಾಡಿದ ಕಾರ್ಖಾನೆಯೇ ಈಗ ಇಲ್ಲ.

ಇಷ್ಟೆಲ್ಲದರ ನಂತರವೂ ಅವರು ಹೇಳಿದ ಬೆಲೆಗೆ ನಮ್ಮ ಜೀಪಿನಂಥ ಜೀಪುಗಳು ಹಲವು ಬರುತ್ತಿದ್ದವು. ಅದು ಅವರ ದುರಾಸೆಯಲ್ಲ. 1980ರ ದಶಕದ ನಡುವಿನಲ್ಲಿ ಸರ್ಕಾರ ನಾಗರಿಕರಿಗೆ ಪಿಸ್ತೂಲು, ರಿವಾಲ್ವರುಗಳ ಆಮದನ್ನು ನಿಲ್ಲಿಸಿತು. ಆಗ ದೇಶದೊಳಗೆ ಇದ್ದ ವಿದೇಶಿ ಪಿಸ್ತೂಲುಗಳೇ ಒಂದು ಪರವಾನಗಿಯಿಂದ ಇನ್ನೊಂದಕ್ಕೆ ಹಾರುತ್ತಾ ಲಕ್ಷಗಳ ಲೆಕ್ಕಕ್ಕೆ ಏರಿದವು. ಹೊರದೇಶದಲ್ಲಿ ಹಳೆ ಸಾಮಾನಿನ ಬೆಲೆಗೆ ಹೋಗುವುದು ಇಲ್ಲಿ ಆಸ್ತಿ. ಮೇಲಾಗಿ ಒಬ್ಬ ಖಾಸಗಿ ವ್ಯಕ್ತಿಯಿಂದ ಇನ್ನೊಬ್ಬನಿಗೆ ಮಾರುವುದಾದರೆ, ಮಾರುವವರು ಕೊಳ್ಳುವವನ ಹೆಸರು ವಿಳಾಸ ಸಮೇತ ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ನನ್ನವಳು ಅವರಿಗೆ ಕೈ ಮುಗಿದು, "ಕಾಫಿ ತುಂಬಾ ಚೆನ್ನಾಗಿತ್ತು" ಅಂದಳು. ಮದುವೆ ಸಂಬಂಧ ಬೇಡವೆನ್ನುವಾಗ ನಮ್ಮ ಕಡೆ ಹೇಳುವುದೂ ಇದೇ ಮಾತು, ಅವರಿಗೆ ಅರ್ಥವಾಯಿತು.

ನಾನು ಸೋಲೊಪ್ಪುವ ಪೈಕಿಯವನಲ್ಲ. ಜಿಲ್ಲಾ ಕೇಂದ್ರದ ಕೋವಿ ಅಂಗಡಿಯಲ್ಲಿ ಇಶಾಪುರದ ರೈಫಲ್ ಕಾರ್ಖಾನೆಯ .32 ಪಿಸ್ತೂಲೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಮೊದಲಿನ ಯಜಮಾನರು ತೀರಿಹೋಗಿ, ಮಕ್ಕಳಿಗೆ ಪರವಾನಗಿ ಬೇಡವಾಗಿ, ಕಾಯ್ದೆಯಂತೆ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದರು. ಈ ಸಲ ಅವಳೇ, "ಯಾವಾಗ ಹೋಗೋಣ?" ಅಂದಳು. ಮಗನ ಜಾಮಿಟ್ರಿ ಪೆಟ್ಟಿಗೆಯಿಂದ ಒಂದು ನಟರಾಜ ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡಳು. ಲೆಕ್ಕ ಬರೆಯಲು ಇರಬೇಕು ಅಂದುಕೊಂಡೆ.

ಅಂಗಡಿಯಾತ ಮೊದಲು ನನ್ನ ಜೊತೆ ಮಾತಾಡಿದ. ಅವಳು ಮ್ಯಾಗಜೀನ್ ಕಳಚಿ, ಚೇಂಬರು ಮುಟ್ಟಿ, ಸಂಖ್ಯೆ ಓದಿದ ಮೇಲೆ ನನ್ನ ಕಡೆಗಿದ್ದ ಕುರ್ಚಿಯನ್ನು ಅವಳ ಕಡೆಗೆ ತಳ್ಳಿದ. ನಾನು ನಿಂತೇ ಗಾಂಭೀರ್ಯ ಕಾಪಾಡಿಕೊಂಡೆ.

ಇಲ್ಲಿ ನಡೆದದ್ದು ಕೆಲಸದ ಪರೀಕ್ಷೆ. ಖಾಲಿ ಪಿಸ್ತೂಲಿನ ಕುದುರೆ ಎಳೆದರೆ ಕೆಲವು ಹಳೆಯ ಮಾದರಿಗಳಲ್ಲಿ ಒಳಗಿನ ಸೂಜಿ ಮುರಿಯುವುದುಂಟು. ಹಾಗಾಗಿ ಮೊದಲು ಕೇಳಬೇಕು. ಅಂಗಡಿಯಾತ ಒಪ್ಪಿದ. ಸೇಫ್ಟಿ ಹಾಕಿ ಕುದುರೆ ಎಳೆದಳು, ಹ್ಯಾಮರ್ ಬೀಳಲಿಲ್ಲ. ಬೆರಳು ತೆಗೆದು ಸೇಫ್ಟಿ ಬಿಟ್ಟಳು, ಆಗಲೂ ಬೀಳಲಿಲ್ಲ. ಸೇಫ್ಟಿ ಬಿಟ್ಟ ಕ್ಷಣ ತಾನಾಗಿ ಬೀಳುವ ಪಿಸ್ತೂಲುಗಳಿವೆ; ಅವನ್ನು ಮನೆಗೆ ತಂದರೆ ಅವೇ ಯಜಮಾನ. ಹ್ಯಾಮರನ್ನು ಹಿಂದಕ್ಕೆ ನಿಲ್ಲಿಸಿ ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿ ನೋಡಿದಳು, ಜಾರಲಿಲ್ಲ. ಕುದುರೆಯನ್ನು ಎಳೆದು ಹಿಡಿದೇ ಸ್ಲೈಡನ್ನು ಹಿಂದೆ ಮುಂದೆ ಮಾಡಿದಳು. ಹ್ಯಾಮರ್ ನಿಂತೇ ಇತ್ತು. ಕುದುರೆ ಬಿಟ್ಟಾಗ ಸಣ್ಣ ಟಿಕ್ ಶಬ್ದ, ಮತ್ತೆ ಎಳೆದಾಗಲಷ್ಟೆ ಬಿತ್ತು. ಒಂದು ಎಳೆತಕ್ಕೆ ಒಂದೇ ಗುಂಡು ಎಂಬ ಕರಾರನ್ನು ಅದು ಪಾಲಿಸುತ್ತದೆ ಎಂಬುದಕ್ಕೆ ಈ ಟಿಕ್ಕೇ ಸಾಕ್ಷಿ. ಆ ಟಿಕ್ ಎನ್ನುವ ಒಳಗಿನ ಸಣ್ಣ ಕೊಂಡಿ ಸವೆದರೆ ಒಂದೇ ಎಳೆತಕ್ಕೆ ಮ್ಯಾಗಜೀನೇ ಬರಿದಾಗಬಹುದು.

ಆಮೇಲೆ ಪೆನ್ಸಿಲ್ ಹೊರಬಂತು. ಇನ್ನೊಮ್ಮೆ ಚೇಂಬರು ಖಾಲಿ ಇದೆಯೆಂದು ನೋಡಿ, ಪಿಸ್ತೂಲನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಪೆನ್ಸಿಲಿನ ಚಪ್ಪಟೆ ತುದಿ ಕೆಳಗಾಗುವಂತೆ ನಳಿಗೆಯೊಳಕ್ಕೆ ಇಳಿಸಿದಳು. ತನ್ನ ಮುಖವನ್ನು ಪಕ್ಕಕ್ಕಿಟ್ಟುಕೊಂಡು ಕುದುರೆ ಎಳೆದಳು. ಪೆನ್ಸಿಲು ಚಂಗನೆ ಹಾರಿ ಅಂಗಡಿಯ ಫ್ಯಾನಿನ ಕಡೆ ಹೋಯಿತು. ಒಳಗಿನ ಸೂಜಿಗೆ ಜೀವವಿದೆ ಎಂದು ಸಾಬೀತಾಯಿತು. ಈ ಪರೀಕ್ಷೆಗೆ ಪ್ರಯೋಗಶಾಲೆ ಬೇಡ, ಮೂರನೆಯ ಕ್ಲಾಸಿನ ಹುಡುಗ ಮನೆಯಲ್ಲಿದ್ದರೆ ಸಾಕು. ಅಂಗಡಿಯಾತನ ಹುಡುಗ ಸ್ಟೂಲು ಹತ್ತಿ ಪೆನ್ಸಿಲು ಹುಡುಕುವಾಗ, ಅವನ ಯಜಮಾನ ತಾನಾಗಿಯೇ ಬೆಲೆಯನ್ನು ಸ್ವಲ್ಪ ಇಳಿಸಿದ.

ಮ್ಯಾಗಜೀನಿಗೆ ಮದ್ದಿಲ್ಲದ ನಕಲಿ ತೋಟಾಗಳನ್ನು ತುಂಬಿ ಕೈಯಿಂದ ಒಂದೊಂದಾಗಿ ಹಾಯಿಸಿ ನೋಡಿದಳು. ಎಲ್ಲವೂ ಒಳಗೆ ಹೋದವು, ಎಲ್ಲವೂ ಹೊರಗೆ ಬಂದವು. ಎಳೆದು ಹೊರಹಾಕುವ ಕೊಕ್ಕೆ ಗಟ್ಟಿಯಿತ್ತು. ಸ್ಲೈಡನ್ನು ಬೆರಳಿನಿಂದ ತಡೆದು ನಿಧಾನವಾಗಿ ಬಿಟ್ಟರೂ ಕೊನೆಯವರೆಗೆ ಹೋಗಿ ಕೂತಿತು; ಸ್ಪ್ರಿಂಗು ಸೋತಿಲ್ಲ. ಸೋತಿದ್ದರೂ ಅದು ಬದಲಾಯಿಸಬಹುದಾದ ಅಗ್ಗದ ಭಾಗ. ಸೋತ ಸ್ಪ್ರಿಂಗಿನಲ್ಲೇ ವರ್ಷಗಟ್ಟಲೆ ಹೊಡೆದಿದ್ದರೆ ಮಾತ್ರ ಸ್ಲೈಡು ಚೌಕಟ್ಟಿಗೆ ಬಡಿದು ಬಡಿದು ಬಿರುಕು ಬಿಟ್ಟಿರುತ್ತದೆ, ಅದಕ್ಕೆ ಮದ್ದಿಲ್ಲ. ಬಿರುಕು ಹುಡುಕಿದಳು, ಸಿಗಲಿಲ್ಲ. ಉಳಿದದ್ದು ನಿಜವಾದ ತೋಟಾ ಹೊಡೆದು ನೋಡುವುದೊಂದೇ. ಅದಕ್ಕೆ ಮುಂಗಡ ಕೊಡುವ ಮೊದಲು, ನಿಯಮದ ಪ್ರಕಾರ ಎಲ್ಲಿ ಸಾಧ್ಯವೋ ಅಲ್ಲಿ, ಅಂಗಡಿಯಾತನೇ ಏರ್ಪಾಡು ಮಾಡುತ್ತೇನೆಂದ. ಹೊಡೆದ ಮೇಲೆ ಬೀಳುವ ಖಾಲಿ ಕೊಳವೆಗಳನ್ನು ಹೆಕ್ಕಿ, ಹೊಟ್ಟೆ ಉಬ್ಬಿದೆಯೇ, ಸೂಜಿಯ ಗುರುತು ನಡುವೆ ಬಿದ್ದಿದೆಯೇ ಎಂದು ನೋಡಬೇಕೆಂದು ಅವಳು ಅವನಿಗೇ ಹೇಳಿದಳು. "ಮೇಡಂ ಇಲಾಖೆಯವರಾ?" ಎಂದು ಅವನು ನನ್ನನ್ನು ಪಿಸುಮಾತಿನಲ್ಲಿ ಕೇಳಿದ. "ಗೃಹ ಇಲಾಖೆ" ಅಂದೆ.

"ಪಿಸ್ತೂಲು ಚೆನ್ನಾಗಿದೆ" ಎಂದು ಅವಳು ತೀರ್ಪು ಕೊಟ್ಟಳು. ನನ್ನ ಎದೆಯೊಳಗೆ ಸಿ.ಐ.ಡಿ. 999ರ ಹಿನ್ನೆಲೆ ಸಂಗೀತ ಶುರುವಾಯಿತು. "ಈಗ ನೀವು ಒಂದ್ಸಲ ಸ್ಲೈಡ್ ಎಳೀರಿ."

ಸಣ್ಣ ಪಿಸ್ತೂಲು, ಸಣ್ಣ ತೋಟಾ, ಎಷ್ಟು ಬಲ ಬೇಕಾದೀತು ಎಂದು ನೀವು ಕೇಳಬಹುದು. ಭೌತಶಾಸ್ತ್ರ ಇರುವುದೇ ಅಲ್ಲಿ. ದೊಡ್ಡ 9 ಎಂ.ಎಂ. ಪಿಸ್ತೂಲುಗಳಲ್ಲಿ ಗುಂಡು ಹೊರಡುವ ತನಕ ನಳಿಗೆ ಮತ್ತು ಸ್ಲೈಡು ಒಂದಕ್ಕೊಂದು ಕಚ್ಚಿಕೊಂಡಿರುವ ವ್ಯವಸ್ಥೆ ಇರುತ್ತದೆ. .32ರಲ್ಲಿ ಸಾಮಾನ್ಯವಾಗಿ ಅಂಥ ಬೀಗವಿಲ್ಲ. ಹಿಂದಕ್ಕೆ ಒದೆಯುವ ಒತ್ತಡವನ್ನು ತಡೆಯುವುದು ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನ ಬಿಗಿ ಮಾತ್ರ. ಆದ್ದರಿಂದ ಗಾತ್ರ ಸಣ್ಣದಾದರೂ ಸ್ಪ್ರಿಂಗು ಬಲು ಬಿಗಿ. ನಾನು ಎರಡು ಬೆರಳಿನಲ್ಲಿ ನಾಜೂಕಾಗಿ ಹಿಡಿದು ಎಳೆದೆ. ಸ್ಲೈಡು ಅಲ್ಲಾಡಲಿಲ್ಲ, ನನ್ನ ಕತ್ತಿನ ಸ್ಪಾಂಡಿಲೈಟಿಸ್ ಅಲ್ಲಾಡಿತು. ಮೊಣಕೈಗೆ ಒತ್ತು ಕೊಟ್ಟೆ, ಉಸಿರು ಕಟ್ಟಿದೆ, ಕುಲದೇವರನ್ನು ನೆನೆದೆ. ಅರ್ಧ ಬಂದು, ಅಲ್ಲಿ ಯೋಚನೆ ಮಾಡಿ, ನನ್ನ ಹೆಬ್ಬೆರಳಿನ ಚರ್ಮವನ್ನು ಸ್ವಲ್ಪ ಇಟ್ಟುಕೊಂಡು ವಾಪಸು ಹೋಯಿತು. ಅಂಗಡಿಯಾತನ ಹುಡುಗ ಬ್ಯಾಂಡೇಜು ತಂದ. ಅದೂ ಅವರ ಹತ್ತಿರ ಕೈಗೆ ಸಿಗುವಲ್ಲೇ ಇತ್ತು. ನನ್ನಂಥ ವೀರರು ಬರುತ್ತಿರುತ್ತಾರೆ.

ಅವಳು ಅದನ್ನು ತೆಗೆದುಕೊಂಡು, ಒಂದು ಕೈಯಲ್ಲಿ ಸ್ಲೈಡನ್ನು ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ಕಳಕ್ ಎಂದು ತೆರೆಯಿತು. "ಎಳೆಯೋದಲ್ಲ, ತಳ್ಳೋದು" ಅಂದಳು.

ಎದುರಿನ ಹೋಟೆಲಿನಲ್ಲಿ ಅವಳು ಲೆಕ್ಕ ಒಪ್ಪಿಸಿದಳು. ಪರವಾನಗಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಚುನಾವಣೆ ಘೋಷಣೆಯಾದರೆ ಆಯುಧವನ್ನು ಠಾಣೆಗೋ ಅಂಗಡಿಗೋ ಒಪ್ಪಿಸಲು ಆದೇಶ ಬರುತ್ತದೆ. ನಮ್ಮಲ್ಲಿ ಗ್ರಾಮ ಪಂಚಾಯಿತಿ, ವಿಧಾನಸಭೆ, ಲೋಕಸಭೆ ಎಂದು ಯಾವುದಾದರೊಂದು ಬರುತ್ತಲೇ ಇರುತ್ತದೆ. ಅಪ್ಪನ ಕೋವಿಯೇ ಎಷ್ಟು ಸಲ ಠಾಣೆಯಲ್ಲಿ ಕೂತು ಬಂದಿದೆ! ಆ ತಿಂಗಳುಗಳಲ್ಲಿ ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. ಪಿಸ್ತೂಲು ಹಂದಿಗೂ ಅಲ್ಲ, ಮಂಗನಿಗೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಇರುವ ತನಕ ಹಾಗೆ ಹೊಡೆಯುವಂತೆಯೂ ಇಲ್ಲ. ಕಳ್ಳ ಬಂದರೆ ಬೀಗದ ಕೈ ಅವಳ ಗೊಂಚಲಿನಲ್ಲಿದೆ. ಕೈ ಸಿಕ್ಕರೂ ಸ್ಲೈಡು ಎಳೆಯಲು ಅವಳನ್ನೇ ಎಬ್ಬಿಸಬೇಕು. "ನನ್ನ ಎಬ್ಬಿಸಿದ ಮೇಲೆ ಪಿಸ್ತೂಲು ಯಾಕೆ?" ಅಂದಳು. ಕಳ್ಳನ ದೃಷ್ಟಿಯಿಂದ ಯೋಚಿಸಿದರೆ ಇದಕ್ಕೆ ಉತ್ತರವಿಲ್ಲ.

ಹಾಗಾಗಿ ನಾವು ಪಿಸ್ತೂಲು ಕೊಳ್ಳಲಿಲ್ಲ. ಆ ದುಡ್ಡಿನಲ್ಲಿ ತೋಟಕ್ಕೆ ಸೋಲಾರ್ ಬೇಲಿ ಬಂತು. ಬ್ಯಾಟರಿ ಮಾತ್ರ ಸೆಕೆಂಡ್ ಹ್ಯಾಂಡ್, ಅದನ್ನು ಆರಿಸಿದ್ದು ನಾನು. ಉಕ್ಕಿನ ಲಾಕರಿನಲ್ಲಿ ಅಮ್ಮ ಅಪ್ಪೆಮಿಡಿಯ ಭರಣಿ ಇಟ್ಟಿದ್ದಾರೆ. ನಮ್ಮ ಮನೆಯಲ್ಲಿ ಇಷ್ಟು ಭದ್ರತೆ ಕಂಡ ಉಪ್ಪಿನಕಾಯಿ ಹಿಂದೆ ಇರಲಿಲ್ಲ.

ಹಳೆಯ ಪಿಸ್ತೂಲು ನೋಡಲು ಹೊರಟ ಓದುಗರಿಗೆ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ. ಮೊದಲು ಮ್ಯಾಗಜೀನ್ ಕಳಚಿ, ಆಮೇಲೆ ಚೇಂಬರು ನೋಡಿ, ಬಾಯಿಯನ್ನು ಯಾರ ಕಡೆಗೂ ತಿರುಗಿಸಬೇಡಿ. ಸಂಖ್ಯೆಯನ್ನು ಪುಸ್ತಕದ ಜೊತೆ ನೀವೇ ಕೂಡಿಸಿ ಓದಿ. ಹೊಳಪಿಗೆ ಮರುಳಾಗದೆ ಹಿಡಿಯ ಪಟ್ಟಿ ಬಿಚ್ಚಿಸಿ ನೋಡಿ. ಎರಡನೆಯ ಮ್ಯಾಗಜೀನ್ ಸಿಗುತ್ತದೆಯೇ ಕೇಳಿ. ಚೀಲದಲ್ಲಿ ಪೆನ್ಸಿಲ್ ಇರಲಿ. ಇಷ್ಟೆಲ್ಲ ಸರಿ ಬಂದರೆ ಹಣ ಎಣಿಸುವ ಮೊದಲು ಸ್ಲೈಡನ್ನು ಒಮ್ಮೆ ನೀವೇ ಎಳೆಯಿರಿ. ಬಂದರೆ ಕೊಳ್ಳಿ. ಬಾರದಿದ್ದರೆ ಚಹಾ ಕುಡಿದು ಮನೆಗೆ ಬನ್ನಿ.